ಐಆರ್‌ಸಿ ಕಂಡವರು, ವಾಟ್ಸಾಪ್ ಕಂಡವರು

ನಮ್ಮ ಹಲಕುಂದಿಯ ಹುಡುಗರಿಗೆ ಹರಟೆಯೆಂದರೆ ವಾಟ್ಸಾಪ್. ಐಆರ್‌ಸಿ ಎಂದರೆ ನಗುತ್ತಾರೆ: ಚಿತ್ರವಿಲ್ಲ, ದನಿಯಿಲ್ಲ, ಬರೀ ಅಕ್ಷರ. 1988ರಲ್ಲಿ ಫಿನ್ಲೆಂಡಿನ ಯಾರ್ಕೊ ಓಯ್ಕರಿನೆನ್ ಬರೆದ ಈ ವ್ಯವಸ್ಥೆಯಲ್ಲಿ ಒಂದು ಸಂದೇಶಕ್ಕೆ 512 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘ಬಂದಿದ್ದೀರಾ’ ಎನ್ನಲು 30 ಬೇಕು.

ಆದರೂ ನನ್ನ ಓರಗೆಯವರು ಅದನ್ನು ಮೆಚ್ಚಿದ್ದಕ್ಕೆ ಕಾರಣವಿದೆ. ಅದರ ನಿಯಮಗಳು 1993ರಲ್ಲೇ ಪ್ರಕಟವಾಗಿದ್ದವು. ಯಾರು ಬೇಕಾದರೂ ತಮ್ಮದೇ ತಂತ್ರಾಂಶ ಬರೆದು ಒಳಬರಬಹುದಿತ್ತು. ಇದರ ಬೆಲೆ ತಿಳಿದದ್ದು 2021ರಲ್ಲಿ. ಮುಕ್ತ ತಂತ್ರಾಂಶದವರು ಕೂಡುತ್ತಿದ್ದ ಫ್ರೀನೋಡ್ ಜಾಲದ ಹಿಡಿತಕ್ಕೆ ಜಗಳವಾಯಿತು. ಸ್ವಯಂಸೇವಕರು ಹೊರಬಂದು ಲಿಬೆರಾ ಚಾಟ್ ಕಟ್ಟಿದರು. ಉಬುಂಟು ಬಳಗವೂ, ಕನ್ನಡ ವಿಕಿಪೀಡಿಯಕ್ಕೆ ನೆಲೆಯಾದ ವಿಕಿಮೀಡಿಯಾ ಬಳಗವೂ ಹಿಂದೆಯೇ ನಡೆದವು. ಹಳೆಯ ತಂತ್ರಾಂಶವೇ ಸಾಕಾಯಿತು, ವಿಳಾಸ ಬದಲಿಸಿದರಾಯಿತು.

ಅದೇ ವರ್ಷ ಜನವರಿಯಲ್ಲಿ ವಾಟ್ಸಾಪ್ ಗೋಪ್ಯತೆಯ ಹೊಸ ಷರತ್ತು ಮುಂದಿಟ್ಟಿತು. ಸಿಟ್ಟಾದ ಎಷ್ಟೋ ಜನ ಸಿಗ್ನಲ್ ಹಾಕಿಕೊಂಡರು. ಆದರೆ ಸಿಗ್ನಲ್‌ನಿಂದ ವಾಟ್ಸಾಪ್‌ಗೆ ಮಾತು ಹೋಗದು. ನಂಟರು ಅಲ್ಲೇ ಇದ್ದರೆ ನಾವೂ ಅಲ್ಲೇ.

ಹುಡುಗರನ್ನು ನಾನು ದೂರುವುದಿಲ್ಲ. ಓದು ಬಾರದ ಅಜ್ಜಿಯೂ ದನಿ ಕಳಿಸುವುದು ಅವರ ಕಾಲದ ಸೊಗಸು. ಮನೆ ಹೊಸದಾಗಲಿ. ಬೇಡವೆನಿಸಿದ ದಿನ ಸಾಮಾನು ಹೊತ್ತು ಹೊರಡಲು ಬಾಗಿಲೊಂದು ಇರಲಿ ಎಂಬುದಷ್ಟೇ ಹಳಬರ ಮಾತು.