ಎಪಿಸ್ಕೋಪಲ್ ಸಭೆಯ ಆರಾಧನೆ: ಶ್ರೀಸಾಮಾನ್ಯರ ಸೇವೆ ಮತ್ತು ರೂಢಿಗಳು

ನಮ್ಮ ಕರಾವಳಿಯ ಅನೇಕ ಕುಟುಂಬಗಳ ಮಕ್ಕಳು ಇಂದು ಅಮೆರಿಕದಲ್ಲಿದ್ದಾರೆ. ಅಲ್ಲಿ ನೆರೆಮನೆಯವರ ಮದುವೆಗೋ, ಸಹೋದ್ಯೋಗಿಯ ಅಂತ್ಯಕ್ರಿಯೆಗೋ ಎಪಿಸ್ಕೋಪಲ್ ಚರ್ಚಿಗೆ ಹೋಗಬೇಕಾದ ಸಂದರ್ಭ ಬರುವುದು ಸಹಜ. ಒಳಗೆ ಕಾಲಿಟ್ಟರೆ ಅದೇ ಬಲಿಪೀಠ, ಅದೇ ಮೇಣದ ಬತ್ತಿ, ಅದೇ ಬಣ್ಣದ ಪೂಜಾವಸ್ತ್ರ. ಇದು ನಮ್ಮದೇ ಇಗರ್ಜಿಯಲ್ಲವೇ ಎಂಬ ಸಂಶಯ ಮೂಡುತ್ತದೆ. ಪರಮ ಪ್ರಸಾದದ ಹೊತ್ತು ಬಂದಾಗ ಮುಂದೆ ಹೋಗಬೇಕೋ, ಕುಳಿತೇ ಇರಬೇಕೋ ಎಂಬ ಮುಜುಗರ ಬೇರೆ. ಈ ಕಾರಣದಿಂದ ಆ ಸಭೆಯ ಆರಾಧನೆಯ ಬಗ್ಗೆ, ಅದರಲ್ಲೂ ಶ್ರೀಸಾಮಾನ್ಯರು ಅಲ್ಲಿ ವಹಿಸುವ ಪಾತ್ರದ ಬಗ್ಗೆ, ಕೆಲವು ಮಾಹಿತಿಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಂತರ ಅಲ್ಲಿನ ಆಂಗ್ಲಿಕನ್ ಕ್ರೈಸ್ತರು ಇಂಗ್ಲೆಂಡಿನ ಸಭೆಯ ಆಡಳಿತದಿಂದ ಹೊರಬಂದು ಕಟ್ಟಿಕೊಂಡ ಸಭೆಯಿದು. 1789ರಲ್ಲಿ ಅದಕ್ಕೆ ಸ್ವಂತ ಸಂವಿಧಾನ ಮತ್ತು ಪ್ರಾರ್ಥನಾ ಪುಸ್ತಕ ಸಿದ್ಧವಾದವು. ಎಪಿಸ್ಕೋಪಲ್ ಎಂದರೆ ಬಿಷಪರನ್ನು ಹೊಂದಿರುವ ಎಂದಷ್ಟೇ ಅರ್ಥ. 1947ರ ಸೆಪ್ಟೆಂಬರ್ 27ರಂದು ಸ್ಥಾಪನೆಯಾದ ನಮ್ಮ ದಕ್ಷಿಣ ಭಾರತ ಸಭೆಯೂ (ಸಿ.ಎಸ್.ಐ.) ಅದೇ ಆಂಗ್ಲಿಕನ್ ಒಕ್ಕೂಟದ ಸದಸ್ಯ ಸಭೆ. ಆದರೆ ಮಂಗಳೂರಿನ ಕಡೆಯ ಸಿ.ಎಸ್.ಐ. ಸಭೆಗಳ ಬೇರು 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್‌ನಲ್ಲಿದೆ. ಆದ್ದರಿಂದ ಇಲ್ಲಿ ಕಂಡ ಆರಾಧನೆಯೇ ಅಲ್ಲಿಯೂ ಇರುತ್ತದೆಂದು ಎಣಿಸಬಾರದು.

ಅಲ್ಲಿ ಬಳಕೆಯಲ್ಲಿರುವುದು 1979ರ ಸಾಮಾನ್ಯ ಪ್ರಾರ್ಥನಾ ಪುಸ್ತಕ. ಅದರ ಧರ್ಮೋಪದೇಶದ ಭಾಗದಲ್ಲಿ ಸಭೆಯ ಸೇವಕರು ಯಾರು ಎಂಬ ಪ್ರಶ್ನೆಯಿದೆ. ಉತ್ತರದಲ್ಲಿ ಮೊದಲ ಹೆಸರು ಶ್ರೀಸಾಮಾನ್ಯರದ್ದು. ಬಿಷಪರು, ಯಾಜಕರು, ಡೀಕನರು ನಂತರ ಬರುತ್ತಾರೆ. ಅಲ್ಲಿ ಭಾನುವಾರದ ಪೂಜೆಗೆ ಹೋದರೆ ಈ ಮಾತು ಕಾಗದದಲ್ಲಿ ಮಾತ್ರ ಉಳಿದಿಲ್ಲವೆಂದು ತಿಳಿಯುತ್ತದೆ.

ಯಾರು ಯಾವ ಸೇವೆ ಮಾಡುತ್ತಾರೆ?

ಬಾಗಿಲಲ್ಲಿ ಸ್ವಾಗತಿಸಿ ಕೈಗೆ ಅಂದಿನ ಪೂಜೆಯ ಹಾಳೆ ಕೊಡುವವರು, ಕಾಣಿಕೆ ತಟ್ಟೆ ಹಿಡಿಯುವವರು ಸ್ವಯಂಸೇವಕರು. ಮೆರವಣಿಗೆಯಲ್ಲಿ ಶಿಲುಬೆ ಹೊರುವವರು, ಬತ್ತಿ ಹಿಡಿಯುವವರು, ಕೆಲವೆಡೆ ಧೂಪದ ಪಾತ್ರೆ ಬೀಸುವವರು ನಮ್ಮ ಪೀಠಬಾಲಕರಂತೆಯೇ. ಆದರೆ ಅಲ್ಲಿ ಎಪ್ಪತ್ತು ದಾಟಿದ ಅಜ್ಜನೂ ಬಿಳಿ ನಿಲುವಂಗಿ ತೊಟ್ಟು ಶಿಲುಬೆ ಹೊರಬಹುದು. ದೊಡ್ಡ ಚರ್ಚುಗಳಲ್ಲಿ ವರ್ಜರ್ ಎಂಬವರು ಕೋಲು ಹಿಡಿದು ಎಲ್ಲರ ಮುಂದೆ ನಡೆಯುತ್ತಾರೆ. ಹಿಂದಿನ ಕಾಲದಲ್ಲಿ ಜನರನ್ನೂ ದನಕರುಗಳನ್ನೂ ಸರಿಸಿ ಮೆರವಣಿಗೆಗೆ ದಾರಿ ಮಾಡಲು ಆ ಕೋಲು ಎಂದು ಹೇಳುವುದುಂಟು. ಈಗ ಅದು ಗೌರವದ ಗುರುತು.

ಹಳೆಯ ಒಡಂಬಡಿಕೆಯ ವಾಚನ, ಪತ್ರದ ವಾಚನ ಮತ್ತು ವಿಶ್ವಾಸಿಗಳ ಬಿನ್ನಹಗಳನ್ನು ಶ್ರೀಸಾಮಾನ್ಯರು ನಡೆಸುತ್ತಾರೆ. ಶುಭಸಂದೇಶ ಮಾತ್ರ ಡೀಕನರದ್ದು, ಅವರಿಲ್ಲದಿದ್ದರೆ ಯಾಜಕರದ್ದು.

ಪೀಠದ ಸಿದ್ಧತೆ ಮಾಡುವ ಆಲ್ಟರ್ ಗಿಲ್ಡ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಕಲಶ ತೊಳೆಯುವುದು, ಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಹಾಕುವುದು, ಕಾಲಕ್ಕೆ ತಕ್ಕಂತೆ ನೇರಳೆ, ಬಿಳಿ, ಹಸಿರು ಹೊದಿಕೆ ಬದಲಿಸುವುದು ಇವರ ಕೆಲಸ. ಕಲಶ ತೊಳೆದ ನೀರು ಚರಂಡಿಗೆ ಹೋಗಬಾರದೆಂದು ನೇರ ಮಣ್ಣಿಗೆ ಇಳಿಯುವ ಪ್ರತ್ಯೇಕ ತೊಟ್ಟಿ ಅನೇಕ ಚರ್ಚುಗಳ ಸಾಕ್ರಿಸ್ತಿಯಲ್ಲಿದೆ. ತಲೆಮಾರುಗಳ ಕಾಲ ಈ ಕೆಲಸ ಹೆಚ್ಚಾಗಿ ಮಹಿಳೆಯರದ್ದಾಗಿತ್ತು. ಆದರೆ ಅದೇ ಮಹಿಳೆಯರು ಸಭೆಯ ಮಹಾಧಿವೇಶನದಲ್ಲಿ ಪ್ರತಿನಿಧಿಗಳಾಗಿ ಕುಳಿತದ್ದು 1970ರಲ್ಲಷ್ಟೇ! ಪೀಠದ ಬಟ್ಟೆಗೆ ಇಸ್ತ್ರಿ ಹಾಕಬಹುದು, ಮತ ಹಾಕುವಂತಿಲ್ಲ ಎಂಬ ಸ್ಥಿತಿ ಅಷ್ಟು ದೀರ್ಘ ಕಾಲ ನಡೆಯಿತು. 1976ರ ಮಹಾಧಿವೇಶನ ಮಹಿಳೆಯರ ಯಾಜಕ ದೀಕ್ಷೆಗೂ ಒಪ್ಪಿತು. ಈ ವಿಷಯದಲ್ಲಿ ನಮ್ಮ ಸಭೆಯ ನಿಲುವು ಬೇರೆ ಎಂಬುದು ಓದುಗರಿಗೆ ತಿಳಿದದ್ದೇ.

ಪರಮ ಪ್ರಸಾದ ಹಂಚಲು ನೆರವಾಗುವ ಶ್ರೀಸಾಮಾನ್ಯರಿಗೆ ಬಿಷಪರ ಅನುಮತಿ ಪತ್ರ ಬೇಕು. ಸಾಮಾನ್ಯವಾಗಿ ಯಾಜಕರು ರೊಟ್ಟಿಯನ್ನು ಕೊಟ್ಟರೆ ಇವರು ಕಲಶ ಹಿಡಿಯುತ್ತಾರೆ. ಪೂಜೆ ಮುಗಿದ ಕೂಡಲೇ ಅದೇ ಪ್ರಸಾದವನ್ನು ಕಾಯಿಲೆಯವರ ಮನೆಗೆ ಒಯ್ಯುವವರಿಗೆ ಇನ್ನೊಂದು ಅನುಮತಿ. ಹಾಸಿಗೆ ಹಿಡಿದವರೂ ಅಂದಿನ ಪೂಜೆಯಲ್ಲಿ ಪಾಲುಗೊಂಡಂತಾಗಬೇಕು ಎಂಬುದು ಇದರ ಉದ್ದೇಶ. ನಮ್ಮಲ್ಲಿಯೂ 1973ರಿಂದ ವಿಶೇಷ ಸೇವಕರಿದ್ದಾರೆ. 2021ರಲ್ಲಿ ಪೋಪ್ ಫ್ರಾನ್ಸಿಸ್‌ರವರು ವಾಚಕ ಮತ್ತು ಪೀಠಸೇವಕ ಸೇವೆಗಳ ಸ್ಥಾಪನೆಯನ್ನು ಮಹಿಳೆಯರಿಗೂ ತೆರೆದರು. ಆದ್ದರಿಂದ ಈ ವಿಷಯದಲ್ಲಿ ಎರಡು ಸಭೆಗಳ ನಡುವಿನ ಅಂತರ ಮೊದಲಿನಷ್ಟಿಲ್ಲ.

ಯಾಜಕರೇ ಇಲ್ಲದ ಭಾನುವಾರ ಏನಾಗುತ್ತದೆ? ಚಿಕ್ಕ ಊರುಗಳಲ್ಲಿ ಪೂರ್ಣಾವಧಿ ಯಾಜಕರಿಲ್ಲದ ಚರ್ಚುಗಳು ಹಲವಾರಿವೆ. ಅಲ್ಲಿ ತರಬೇತಿ ಪಡೆದ ಶ್ರೀಸಾಮಾನ್ಯರು ಪುಸ್ತಕದಲ್ಲಿರುವ ಪ್ರಾತಃಕಾಲದ ಪ್ರಾರ್ಥನೆ ನಡೆಸುತ್ತಾರೆ. ಪಾಪ ನಿವೇದನೆಯ ನಂತರ ಕ್ಷಮೆಯ ಪ್ರಾರ್ಥನೆ ಬಂದಾಗ ಯಾಜಕರು 'ನಿಮ್ಮನ್ನು' ಎನ್ನುವ ಕಡೆ ಇವರು 'ನಮ್ಮನ್ನು' ಎಂದು ಬದಲಿಸಿ ಹೇಳಬೇಕು. ಸಣ್ಣ ಬದಲಾವಣೆ, ಆದರೆ ಮುನ್ನಡೆಸುವವರು ಜನರೊಳಗೇ ನಿಂತಿದ್ದಾರೆಂದು ಅದು ಸ್ಪಷ್ಟಪಡಿಸುತ್ತದೆ. ನಮಗೆ ಬಹಳ ಹಿಡಿಸಿದ ನಿಯಮವಿದು.

ಆಡಳಿತದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ನಮ್ಮಲ್ಲಿ ಪಾಲನಾ ಮಂಡಳಿಯ ಉಪಾಧ್ಯಕ್ಷರು, ಗುರಿಕಾರರು ಧರ್ಮಗುರುಗಳಿಗೆ ಸಲಹೆ ಕೊಡುತ್ತಾರೆ, ಧರ್ಮಗುರುಗಳ ವರ್ಗಾವಣೆ ಮಾತ್ರ ಬಿಷಪರ ಕೈಯಲ್ಲಿದೆ. ಅಲ್ಲಿ ವಾರ್ಷಿಕ ಸಭೆಯಲ್ಲಿ ಆಯ್ಕೆಯಾದ ವೆಸ್ಟ್ರಿ ಎಂಬ ಮಂಡಳಿಯೇ ಬಿಷಪರಿಗೆ ತಿಳಿಸಿ ತಮ್ಮ ರೆಕ್ಟರರನ್ನು ಆರಿಸಿಕೊಳ್ಳುತ್ತದೆ. ಬಿಷಪರ ಆಯ್ಕೆಯಲ್ಲಿಯೂ ಯಾಜಕರಂತೆ ಶ್ರೀಸಾಮಾನ್ಯರ ಪ್ರತಿನಿಧಿಗಳಿಗೆ ಮತವಿದೆ. ಮೂರು ವರ್ಷಕ್ಕೊಮ್ಮೆ ಕೂಡುವ ಮಹಾಧಿವೇಶನಕ್ಕೆ ಪ್ರತಿ ಧರ್ಮಪ್ರಾಂತ್ಯದಿಂದ ನಾಲ್ವರು ಶ್ರೀಸಾಮಾನ್ಯರು, ನಾಲ್ವರು ಯಾಜಕರು ಅಥವಾ ಡೀಕನರು ಹೋಗಬಹುದು.

ಪೂಜೆಯಲ್ಲಿ ರೂಢಿಗಳು

ಹಾಡಲು ನಿಲ್ಲುವುದು, ಕೇಳಲು ಕುಳಿತುಕೊಳ್ಳುವುದು, ಪ್ರಾರ್ಥಿಸಲು ಮೊಣಕಾಲೂರುವುದು ಎಂಬುದು ಅಲ್ಲಿನ ಹಳೆಯ ಪಾಠ. ಈಗ ಪ್ರಾರ್ಥನೆಗೂ ಅನೇಕರು ನಿಲ್ಲುತ್ತಾರೆ. ಶಿಲುಬೆ ಹಾದುಹೋಗುವಾಗ ತಲೆಬಾಗುವುದು, ಶಿಲುಬೆಯ ಗುರುತು ಹಾಕಿಕೊಳ್ಳುವುದು ಅವರವರ ಭಕ್ತಿಗೆ ಬಿಟ್ಟದ್ದು. ಒಂದು ಚರ್ಚಿನಲ್ಲಿ ಧೂಪ, ಗಂಟೆ ಎಲ್ಲವೂ ಇದ್ದರೆ ಪಕ್ಕದ ಊರಿನ ಚರ್ಚಿನಲ್ಲಿ ಒಂದೂ ಇರುವುದಿಲ್ಲ. ಭೇಟಿ ನೀಡುವವರು ಪಕ್ಕದವರನ್ನು ನೋಡಿ ನಡೆದುಕೊಂಡರೆ ಸಾಕು, ಯಾರೂ ತಪ್ಪೆಣಿಸುವುದಿಲ್ಲ.

ಪ್ರಸಾದ ಸ್ವೀಕರಿಸುವವರು ಸಾಮಾನ್ಯವಾಗಿ ಪೀಠದ ಮುಂದಿನ ಕಟಕಟೆಯ ಬಳಿ ಮೊಣಕಾಲೂರಿ ಅಥವಾ ನಿಂತು ಕೈಚಾಚುತ್ತಾರೆ. ರೊಟ್ಟಿ ಮತ್ತು ದ್ರಾಕ್ಷಾರಸ ಎರಡನ್ನೂ ಎಲ್ಲರಿಗೂ ಕೊಡುವುದು, ಒಂದೇ ಕಲಶದಿಂದ ಕುಡಿಯುವುದು ಅವರ ಪದ್ಧತಿ. 2020ರಲ್ಲಿ ಕೋವಿಡ್ ಬಂದಾಗ ಕಲಶವನ್ನು ನಿಲ್ಲಿಸಬೇಕಾಯಿತು, ಅನೇಕರಿಗೆ ಅದು ದೊಡ್ಡ ನೋವಾಯಿತು.

ಇನ್ನು ಮುಖ್ಯ ವಿಷಯ. ಆ ಸಭೆ ಯಾವುದೇ ಸಭೆಯಲ್ಲಿ ಜ್ಞಾನಸ್ನಾನ ಪಡೆದವರನ್ನೂ ಪ್ರಸಾದಕ್ಕೆ ಕರೆಯುತ್ತದೆ. ಆದರೆ ಕಥೋಲಿಕರಾದ ನಾವು ಅಲ್ಲಿ ಸ್ವೀಕರಿಸುವಂತಿಲ್ಲ. ಆಂಗ್ಲಿಕನ್ ಯಾಜಕ ದೀಕ್ಷೆ ಸಿಂಧುವಲ್ಲವೆಂದು 1896ರಲ್ಲಿ ಪೋಪ್ ಹದಿಮೂರನೆಯ ಲಿಯೋರವರು ಘೋಷಿಸಿದ್ದಾರೆ, ಸಭೆಗಳ ನಡುವೆ ಪೂರ್ಣ ಐಕ್ಯವೂ ಇಲ್ಲ. ಅಲ್ಲಿನ ಪೂಜೆಗೆ ಹೋದರೆ ಭಾನುವಾರದ ಬಲಿಪೂಜೆಯ ಕಟ್ಟಳೆಯೂ ತೀರುವುದಿಲ್ಲ. ಹಾಗೆಂದು ಮದುವೆಗೆ, ಅಂತ್ಯಕ್ರಿಯೆಗೆ ಹೋಗಲು, ಅವರೊಂದಿಗೆ ಹಾಡಲು, ಪ್ರಾರ್ಥಿಸಲು ಅಡ್ಡಿಯಿಲ್ಲ. ಪ್ರಸಾದದ ಹೊತ್ತಿಗೆ ಬೆಂಚಿನಲ್ಲೇ ಕುಳಿತು ಪ್ರಾರ್ಥಿಸಬಹುದು. ಇಲ್ಲವೇ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟು ಮುಂದೆ ಹೋದರೆ ಪ್ರಸಾದ ಕೊಡದೆ ಆಶೀರ್ವಾದ ಮಾಡುತ್ತಾರೆ. ಇದು ಅಲ್ಲಿ ಎಲ್ಲರಿಗೂ ತಿಳಿದ ಸನ್ನೆ, ಅವಮಾನವೆಂದು ಯಾರೂ ಭಾವಿಸುವುದಿಲ್ಲ. ಒಂದೇ ಮನೆಯಲ್ಲಿ ಗಂಡ ಕಥೋಲಿಕ, ಹೆಂಡತಿ ಎಪಿಸ್ಕೋಪಲ್ ಆಗಿದ್ದರೆ ಆ ಕಟಕಟೆಯ ಬಳಿ ಪ್ರತಿ ವಾರ ಆಗುವ ಸಂಕಟ ಬೇರೆಯೇ. ಅಂಥವರು ತಮ್ಮ ಧರ್ಮಗುರುಗಳೊಂದಿಗೆ ಮುಕ್ತವಾಗಿ ಮಾತಾಡುವುದು ಒಳ್ಳೆಯದು.

ಪೂಜೆಯ ನಂತರ ಸಭಾಂಗಣದಲ್ಲಿ ಕಾಫಿ, ತಿಂಡಿ ಇರುತ್ತದೆ. ಅದನ್ನು ಮಾಡುವವರೂ ಪಾಳಿಯ ಮೇಲೆ ಬರುವ ಸ್ವಯಂಸೇವಕರೇ. ಅಲ್ಲಿಗೆ ಕರೆದರೆ ಸಂಕೋಚವಿಲ್ಲದೆ ಹೋಗಬಹುದು.