ಅಫಿಲಿಯೇಟ್ ಮಾರ್ಕೆಟಿಂಗ್: ಬೆಂಗಳೂರು ದಂಡು ಮತ್ತು ಪೂರ್ವಭಾಗ

ಬೇರೆಯವರ ಸರಕಿನತ್ತ ಅಂತರ್ಜಾಲದ ಮೂಲಕ ಗಿರಾಕಿಯನ್ನು ಕಳಿಸಿ, ಆತ ಕೊಂಡರೆ ಮಾತ್ರ ಕಮಿಷನ್ ಪಡೆಯುವ ಕಸುಬು. ಮಾಲು ಅಂಗಡಿಯದು, ದುಡ್ಡು ಗಿರಾಕಿಯದು. ನಡುವೆ ನಿಂತವರಿಗೆ ಇರುವ ಬಂಡವಾಳ ಒಂದು ಲಿಂಕು ಮತ್ತು ಅವರ ಮಾತಿನ ಮೇಲೆ ನಾಲ್ಕು ಜನ ಇಟ್ಟಿರುವ ನಂಬಿಕೆ. ಆಡುಮಾತಿನಲ್ಲಿ ‘ಅಫಿಲಿಯೇಟ್ ಮಾಡೋದು’, ‘ಲಿಂಕ್ ಹಾಕೋದು’ ಎನ್ನುತ್ತಾರೆ. ಅರ್ಥಕ್ಕೆ ‘ದಲ್ಲಾಳಿ’ ಎಂಬ ಹಳೆಯ ಪದವೇ ಸರಿಯಾಗಿ ಒಪ್ಪುತ್ತದೆ, ಆದರೆ ಆ ಪದಕ್ಕೆ ಅಂಟಿದ ಕೆಟ್ಟ ಹೆಸರಿನಿಂದಾಗಿ ಈ ಕಸುಬಿನವರು ಯಾರೂ ಅದನ್ನು ಹತ್ತಿರ ಸೇರಿಸುವುದಿಲ್ಲ.

ಹಿನ್ನೆಲೆ

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಕಟ್ಟಿದಂದಿನಿಂದ ಈ ಭಾಗ ಹೊರಗಿನಿಂದ ಬಂದವರ ಮಾರುಕಟ್ಟೆ. ಊರು ಗೊತ್ತಿಲ್ಲದ ಗಿರಾಕಿ ಇರುವಲ್ಲಿ ದಾರಿ ತೋರಿಸುವವನೂ ಇರುತ್ತಾನೆ, ದಾರಿ ತೋರಿಸಿದ್ದಕ್ಕೆ ಅಂಗಡಿಯವನಿಂದ ಪಾಲನ್ನೂ ಕೇಳುತ್ತಾನೆ. ಎಂ.ಜಿ. ರಸ್ತೆ, ಕಮರ್ಷಿಯಲ್ ಸ್ಟ್ರೀಟ್ ಸುತ್ತಿನ ಆಟೊ ಚಾಲಕರು ಪ್ರವಾಸಿಗರನ್ನು ‘ಎಂಪೋರಿಯಂ’ ಮುಂದೆ ಇಳಿಸುವುದು ಇದೇ ಲೆಕ್ಕದಲ್ಲಿ. ಗಿರಾಕಿ ಒಳಗೆ ರೇಷ್ಮೆ ಸೀರೆ ಮುಟ್ಟಿ ನೋಡುತ್ತಿರುವಾಗ ಬಾಗಿಲ ಹತ್ತಿರದ ಹುಡುಗ ಆಟೊ ನಂಬರನ್ನು ಚೀಟಿಯಲ್ಲಿ ಬರೆದುಕೊಂಡಿರುತ್ತಾನೆ. ಆ ಚೀಟಿ ಇಲ್ಲದಿದ್ದರೆ ಕಮಿಷನ್ನೂ ಇಲ್ಲ.

ಇಂದಿರಾನಗರದ ಮನೆ ಬ್ರೋಕರುಗಳದು ಇನ್ನೂ ಖಚಿತವಾದ ಪದ್ಧತಿ. ಒಂದು ತಿಂಗಳ ಬಾಡಿಗೆ ಅವರ ಕೂಲಿ. ಒಂದೇ ಮನೆಯನ್ನು ಇಬ್ಬರು ತೋರಿಸಿದರೆ ಜಗಳ ಹತ್ತುತ್ತದೆ, ಮೊದಲು ತೋರಿಸಿದವನು ‘ಪಾರ್ಟಿ ನಂದು’ ಎನ್ನುತ್ತಾನೆ, ಸಾಮಾನ್ಯವಾಗಿ ಅವನ ಮಾತೇ ಗೆಲ್ಲುತ್ತದೆ. ಈ ‘ಮೊದಲು’ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಅಂತರ್ಜಾಲ ಇದನ್ನೇ ತಲೆಕೆಳಗು ಮಾಡಿತು.

ಚೀಟಿಯ ಬದಲು ಕುಕಿ

1989ರಲ್ಲಿ ಅಮೆರಿಕದ ವಿಲಿಯಂ ಟೋಬಿನ್ ಪಿಸಿ ಫ್ಲವರ್ಸ್ ಅಂಡ್ ಗಿಫ್ಟ್ಸ್ ಎಂಬ ಕಂಪನಿಯ ಹೂಗಳನ್ನು ಪ್ರಾಡಿಜಿ ಜಾಲದಲ್ಲಿ ಮಾರಿ, ಮಾರಾಟದ ಮೇಲೆ ಜಾಲಕ್ಕೆ ಕಮಿಷನ್ ಕೊಟ್ಟದ್ದನ್ನು ಈ ಕಸುಬಿನ ಆರಂಭ ಎನ್ನುತ್ತಾರೆ. 1994ರಲ್ಲಿ ಸಂಗೀತದ ಸಿ.ಡಿ. ಮಾರುತ್ತಿದ್ದ ಸಿಡಿನೌ ಕೂಡ ಹೀಗೇ ಮಾಡಿತು. ಅದೇ ವರ್ಷ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ‘ಕುಕಿ’ ರೂಪಿಸಿದರು. ಗಿರಾಕಿಯ ಕಂಪ್ಯೂಟರಿನಲ್ಲೇ ಉಳಿದುಕೊಳ್ಳುವ ಈ ಪುಟ್ಟ ಗುರುತು ಬಾಗಿಲ ಹುಡುಗನ ಚೀಟಿಯ ಕೆಲಸಕ್ಕೆ ಬಂತು.

1996ರ ಜುಲೈಯಲ್ಲಿ ಅಮೆಜಾನ್ ತನ್ನ ‘ಅಸೋಸಿಯೇಟ್ಸ್’ ಯೋಜನೆ ಆರಂಭಿಸಿತು. ಕಾಕತಾಳೀಯವೆಂಬಂತೆ ಅದೇ ತಿಂಗಳು, ಜುಲೈ 11ರಂದು, ಬ್ರಿಗೇಡ್ ರಸ್ತೆಯಲ್ಲಿ ವಿ.ಜಿ. ಸಿದ್ಧಾರ್ಥ ಅವರ ಮೊದಲ ಕೆಫೆ ಕಾಫಿ ಡೇ ಸೈಬರ್ ಕೆಫೆಯಾಗಿ ತೆರೆಯಿತು. ದಂಡಿನ ಹುಡುಗರು ಕಾಫಿ ಕುಡಿಯುತ್ತ ಇಂಟರ್ನೆಟ್ ನೋಡಿದ್ದು ಅಲ್ಲಿ. ನೋಡಿದ್ದು ನಿಜ, ಕೊಳ್ಳಲು ಇಲ್ಲಿಯ ಅಂಗಡಿಗಳೇ ಇರಲಿಲ್ಲ. 1999ರಲ್ಲಿ ಕೆ. ವೈತೀಶ್ವರನ್ ಮತ್ತು ಗೆಳೆಯರು ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಕಟ್ಟಿದರು. ಮುಂದೆ ಇಂಡಿಯಾಪ್ಲಾಜಾ ಎಂದು ಹೆಸರು ಬದಲಿಸಿಕೊಂಡ ಅದು 2013ರಲ್ಲಿ ಮುಚ್ಚಿತು. ಅದರ ಸ್ಥಾಪಕರಲ್ಲಿ ಕೆಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಶುರುಮಾಡಿದರು.

ಬೆಂಗಳೂರಿನಲ್ಲಿ

ಹಿಂದೆ ಅಮೆಜಾನ್‌ನಲ್ಲಿ ದುಡಿದಿದ್ದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರ ಅಕ್ಟೋಬರಿನಲ್ಲಿ ಕೋರಮಂಗಲದ ಮನೆಯೊಂದರಲ್ಲಿ ಫ್ಲಿಪ್‌ಕಾರ್ಟ್ ತೆರೆದರು. ಜಾಹೀರಾತಿಗೆ ದುಡ್ಡಿಲ್ಲದೆ ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು ಬುಕ್‌ಮಾರ್ಕ್ ಹಂಚಿದವರಿಗೆ, ಬೇರೆಯವರ ಬಾಯಿಂದ ಪ್ರಚಾರ ಮಾಡಿಸಿ ಮಾರಾಟವಾದ ಮೇಲಷ್ಟೇ ಹಣ ಕೊಡುವ ಪದ್ಧತಿ ಒಪ್ಪಿಗೆಯಾದದ್ದು ಸಹಜ. 2013ರ ಜೂನ್ 5ರಂದು ಅಮೆಜಾನ್ ಭಾರತದಲ್ಲಿ ಅಂಗಡಿ ತೆರೆದ ಮೇಲೆ ಕಸುಬು ನಿಜವಾಗಿ ಬೆಳೆಯಿತು.

ಲಿಂಕನ್ನು ಹತ್ತಿರದಿಂದ ನೋಡಿದರೆ ಗುಟ್ಟೇನೂ ಇಲ್ಲ. ಉದ್ದನೆಯ ವಿಳಾಸದ ಬಾಲದಲ್ಲಿ ‘ಟ್ಯಾಗ್’ ಎಂಬ ಪದ, ಸಮಚಿಹ್ನೆ, ಬಳಿಕ ಕಳಿಸಿದವರ ಗುರುತು. ಭಾರತದ ಅಮೆಜಾನ್ ಗುರುತುಗಳು 21 ಎಂಬ ಅಂಕಿಯಿಂದ ಮುಗಿಯುತ್ತವೆ. ಅದನ್ನು ಒತ್ತಿದ ಗಿರಾಕಿ 24 ಗಂಟೆಯೊಳಗೆ ಕೊಂಡರೆ ಕಳಿಸಿದವರಿಗೆ ಪಾಲು. ಕಮಿಷನ್ ದರ ಸರಕಿನಿಂದ ಸರಕಿಗೆ ಬೇರೆ: ಮೊಬೈಲಿಗೆ ಕಡಿಮೆ, ಬಟ್ಟೆಬರೆಗೆ ಹೆಚ್ಚು. ಶೇ. 1 ಎಂದಿಟ್ಟುಕೊಂಡರೂ 15,000 ರೂಪಾಯಿಯ ಫೋನು ಮಾರಿಸಿದವರಿಗೆ ಸಿಗುವುದು 150 ರೂಪಾಯಿ, ಅದೂ ಗಿರಾಕಿ ಫೋನನ್ನು ವಾಪಸು ಮಾಡದಿದ್ದರೆ. ಹೊಸದಾಗಿ ಸೇರಿದವರು 180 ದಿನಗಳಲ್ಲಿ 3 ಮಾರಾಟ ತರದಿದ್ದರೆ ಖಾತೆ ಮುಚ್ಚಿಹೋಗುತ್ತದೆ. ಸ್ವಂತಕ್ಕೆ ಕೊಂಡದ್ದು ಲೆಕ್ಕಕ್ಕಿಲ್ಲ.

ಈ ಕಸುಬಿನ ನಿಜವಾದ ಅನ್ಯಾಯ ದರದಲ್ಲಲ್ಲ, ಲೆಕ್ಕ ಹಿಡಿಯುವ ರೀತಿಯಲ್ಲಿದೆ. ಗಿರಾಕಿ ಕೊನೆಯದಾಗಿ ಯಾರ ಲಿಂಕು ಒತ್ತಿದನೋ ಅವರಿಗೇ ಪೂರ್ತಿ ಹಣ. ಕನ್ನಡದಲ್ಲಿ 20 ನಿಮಿಷ ಫೋನಿನ ಗುಣದೋಷ ವಿವರಿಸಿದವರನ್ನು ನೋಡಿ ಮನಸ್ಸು ಮಾಡಿದ ಗಿರಾಕಿ, ಕೊಳ್ಳುವ ಮುನ್ನ ಟೆಲಿಗ್ರಾಂನ ‘ಲೂಟ್ ಡೀಲ್ಸ್’ ಗುಂಪಿನಲ್ಲಿ ಅದೇ ಫೋನಿನ ಲಿಂಕು ಕಂಡು ಒತ್ತಿದರೆ ವಿವರಿಸಿದವರಿಗೆ ಏನೂ ಇಲ್ಲ. ಇಂದಿರಾನಗರದ ಬ್ರೋಕರು ಇದನ್ನು ಒಂದು ದಿನವೂ ಸಹಿಸಲಾರ. ಈ ನಿಯಮದ ಸಂದಿಯಲ್ಲೇ ಮೋಸವೂ ಹುಟ್ಟಿತು. ಗಿರಾಕಿಗೆ ತಿಳಿಯದಂತೆ ಅವನ ಕಂಪ್ಯೂಟರಿಗೆ ತಮ್ಮ ಗುರುತು ತುರುಕುವ ‘ಕುಕಿ ಸ್ಟಫಿಂಗ್’ ಪ್ರಕರಣದಲ್ಲಿ, ಈಬೇ ಕಂಪನಿಯಿಂದ 2.8 ಕೋಟಿ ಡಾಲರ್ ಕಮಿಷನ್ ಪಡೆದಿದ್ದ ಅಮೆರಿಕದ ಒಬ್ಬನಿಗೆ 2014ರಲ್ಲಿ ಜೈಲಾಯಿತು.

ವಾಟ್ಸ್‌ಆಪ್ ಕವಲು

ಲಿಂಕಿಗಿಂತ ಬೇಗ ಮನೆಮನೆಗೆ ಹೋದದ್ದು ಇದರ ಸೋದರಿಯಂತಿರುವ ‘ರೀಸೆಲ್ಲಿಂಗ್’. 2015ರಲ್ಲಿ ವಿದಿತ್ ಆತ್ರೇಯ ಮತ್ತು ಸಂಜೀವ್ ಬರ್ನ್ವಾಲ್ ಬೆಂಗಳೂರಿನಲ್ಲಿ ಕಟ್ಟಿದ ಮೀಶೋ, 2017ರ ಗ್ಲೋರೋಡ್ ಇದರ ಮುಖ್ಯ ವೇದಿಕೆಗಳಾದವು. ಗ್ಲೋರೋಡನ್ನು ಅಮೆಜಾನ್ 2022ರಲ್ಲಿ ಕೊಂಡಿತು. ಇಲ್ಲಿ ಕಮಿಷನ್ ಬದಲು ಮಾರ್ಜಿನ್: 400 ರೂಪಾಯಿಯ ಸೀರೆಯ ಫೋಟೊವನ್ನು ಸ್ಟೇಟಸ್ಸಿಗೆ ಹಾಕಿ, ‘480 ಅಕ್ಕಾ, ಕ್ಯಾಶ್ ಆನ್ ಡೆಲಿವರಿ ಇದೆ’ ಎಂದರೆ 80 ಮಾರಿದವಳದು. ಮೊದಲು ಕಂತಿನಲ್ಲಿ ಸೀರೆ ಮಾರುತ್ತಿದ್ದ ಹೆಂಗಸರಿಗೆ ಇದನ್ನು ಕಲಿಸಬೇಕಾಗಿರಲಿಲ್ಲ. ಗಂಟು ಹೊರುವುದು ತಪ್ಪಿತು, ‘ಬಣ್ಣ ಬೇರೆ ಬಂದಿದೆ’ ಎಂಬ ಬೈಗುಳ ಮಾತ್ರ ಮೊದಲಿನಂತೆ ಅವರಿಗೇ.

ಹೆಸರು ಕೆಡಿಸಿದವರು, ಕಾನೂನು

ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದವರೆಗೆ ಪಿ.ಜಿ.ಗಳು ಹೆಚ್ಚಿರುವ ಬೀದಿಗಳಲ್ಲಿ ‘ಮನೆಯಲ್ಲೇ ಕೂತು ಸಂಪಾದಿಸಿ’ ಎಂಬ ಚೀಟಿಗಳು ಕಂಬಗಳಿಗೆ ಅಂಟಿರುತ್ತವೆ. ಅಫಿಲಿಯೇಟ್ ಎಂಬ ಹೆಸರಿನಲ್ಲಿ ಸೇರುವುದಕ್ಕೇ ಹಣ ಕಟ್ಟಿಸಿಕೊಂಡು, ಇನ್ನಷ್ಟು ಜನರನ್ನು ಸೇರಿಸಿದರೆ ಪಾಲು ಕೊಡುವುದು ಈ ಕಸುಬೇ ಅಲ್ಲ. ಅದು 1978ರ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆಯ ವ್ಯಾಪ್ತಿಗೆ ಬರುವ ಪಿರಮಿಡ್. 2021ರ ಡಿಸೆಂಬರಿನ ನೇರ ಮಾರಾಟ ನಿಯಮಗಳೂ ಅದನ್ನು ನಿಷೇಧಿಸಿವೆ. ಗುರುತಿಸುವುದು ಸುಲಭ: ಸರಿಯಾದ ಅಫಿಲಿಯೇಟ್ ಯೋಜನೆ ಸೇರಲು ಒಂದು ಪೈಸೆಯನ್ನೂ ಕೇಳುವುದಿಲ್ಲ.

ಹಣ ಪಡೆದು ಹೊಗಳಿದರೆ ಹಾಗೆಂದು ಹೇಳಬೇಕು ಎಂಬ ನಿಯಮ ತಡವಾಗಿ ಬಂತು. ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ಮಾರ್ಗಸೂಚಿ ಹೊರಡಿಸಿತು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ಕಾನೂನಿನ ಬಲವಿರುವ ಮಾರ್ಗಸೂಚಿ ತಂದಿತು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಕಮಿಷನ್ ಮೇಲೆ ಮೂಲದಲ್ಲೇ ಮುರಿಯುವ ತೆರಿಗೆಯನ್ನು 2024ರ ಅಕ್ಟೋಬರ್ 1ರಿಂದ ಶೇ. 5ರಿಂದ 2ಕ್ಕೆ ಇಳಿಸಲಾಯಿತು.

ಈಚಿನ ಸ್ಥಿತಿ

2024ರ ಅಕ್ಟೋಬರಿನಲ್ಲಿ ಯೂಟ್ಯೂಬ್ ಭಾರತದಲ್ಲಿ ಫ್ಲಿಪ್‌ಕಾರ್ಟ್, ಮಿಂತ್ರಾ ಜೊತೆ ಶಾಪಿಂಗ್ ಅಫಿಲಿಯೇಟ್ ಯೋಜನೆ ಆರಂಭಿಸಿತು. ಅದರ ಮಾತೃಸಂಸ್ಥೆ ಗೂಗಲ್‌ನ ಕಚೇರಿಯೊಂದು ಹಳೇ ಮದರಾಸು ರಸ್ತೆಯಲ್ಲಿ, ಕೆ.ಆರ್. ಪುರಕ್ಕೆ ಹೋಗುವ ದಾರಿಯಲ್ಲೇ ಇದೆ. ಈಗ ವೀಡಿಯೊದೊಳಗೇ ಸರಕು ತೋರಿಸಬಹುದು, ‘ಲಿಂಕ್ ಕೆಳಗಿದೆ’ ಎನ್ನಬೇಕಾಗಿಲ್ಲ.

ಬೀದಿಯ ಅಂಗಡಿಗಳಿಗೆ ಕುಕಿ ತಲುಪುವುದಿಲ್ಲ. ರೀಲ್ ನೋಡಿ ಮೆಟ್ರೊ ಹತ್ತಿ ಬಂದು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಮುಟ್ಟಿ ನೋಡಿ ಕೊಳ್ಳುವ ಗಿರಾಕಿಯನ್ನು ಯಾವ ಗುರುತೂ ಹಿಂಬಾಲಿಸದು. ಅದಕ್ಕೆ ಅಂಗಡಿಯವರು ‘ಈ ರೀಲ್ ತೋರಿಸಿದರೆ ರಿಯಾಯಿತಿ’ ಎನ್ನುತ್ತಾರೆ. ಗಿರಾಕಿ ಫೋನು ಮುಂದೆ ಹಿಡಿಯುತ್ತಾನೆ, ಗಲ್ಲೆಯಲ್ಲಿ ಕೂತವರು ‘ಯಾರ ರೀಲು?’ ಎಂದು ಕೇಳಿ ಬಿಲ್ಲಿನ ಮೂಲೆಯಲ್ಲಿ ಹೆಸರು ಬರೆದುಕೊಳ್ಳುತ್ತಾರೆ.