ಹಳೆಯ ಬೈಸಿಕಲ್ಲಿನ ಕಾಲನಿರ್ಣಯ

ಶಿವಮೊಗ್ಗ ಜಿಲ್ಲೆಯ ಇತಿಹಾಸಾಭ್ಯಾಸಿಗಳಿಗೆ ಶಾಸನಗಳ ಕಾಲನಿರ್ಣಯವು ಪರಿಚಿತವಾದುದು. ಬೈಸಿಕಲ್ಲಿಗೂ ಅದೇ ವಿವೇಚನೆ ಸಲ್ಲತಕ್ಕದ್ದೆಂದು ನಾವು ಭಾವಿಸುತ್ತೇವೆ. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಾರ್ಮಿಕಜೀವನವನ್ನು ಕುರಿತು ಬರೆಯುವವರಿಗೆ, ಮನೆಯ ಮೂಲೆಯಲ್ಲಿ ಉಳಿದ ಸೈಕಲ್ಲೂ ಒಂದು ಆಕರವೇ ಸರಿ.

ಆದರೆ ಹರ್ಕ್ಯುಲಿಸ್, ರ್ಯಾಲಿ ಎಂಬ ಹೆಸರನ್ನು ಕಂಡೊಡನೆ ಅದು ವಿಲಾಯಿತಿಯದೆಂದು ನಿರ್ಣಯಿಸಲಾಗದು. 1949ರಲ್ಲಿ ಸ್ಥಾಪಿತವಾದ ಮದರಾಸಿನ ಟಿ.ಐ. ಸೈಕಲ್ಸ್ ಸಂಸ್ಥೆಯು ಹರ್ಕ್ಯುಲಿಸನ್ನೂ, 1950ರ ದಶಕದಿಂದ ಆಸನ್‌ಸೋಲಿನ ಸೆನ್-ರ್ಯಾಲಿ ಸಂಸ್ಥೆಯು ರ್ಯಾಲಿಯನ್ನೂ ಭಾರತದಲ್ಲಿಯೇ ತಯಾರಿಸಿದವು. ಆದುದರಿಂದ ಮುಂಭಾಗದ ಲಾಂಛನದಲ್ಲಿ ಬರ್ಮಿಂಗ್‌ಹ್ಯಾಮ್ ಅಥವಾ ನಾಟಿಂಗ್‌ಹ್ಯಾಮ್ ಎಂದಿದೆಯೋ, ಭಾರತದ ಊರಿನ ಹೆಸರಿದೆಯೋ ಎಂಬುದನ್ನು ಮೊದಲು ನೋಡಬೇಕು. ಬಳಿಕ ಚೌಕಟ್ಟಿನ ಸಂಖ್ಯೆಯನ್ನು ತಯಾರಕರ ದಾಖಲೆಯೊಡನೆ ಹೋಲಿಸಬೇಕು.

ಸ್ಟರ್ಮಿ-ಆರ್ಚರ್ ಸಂಸ್ಥೆಯ ಮೂರು ಗೇರಿನ ಹಬ್ ಮೇಲೆ '53 9' ಎಂದು ಒತ್ತಿದ್ದರೆ, ಅದು 1953ರ ಸೆಪ್ಟೆಂಬರ್ ತಿಂಗಳನ್ನು ಸೂಚಿಸುತ್ತದೆ. ಆದರೂ ಅದು ಹಬ್ಬಿನ ಕಾಲವೇ ಹೊರತು ಸೈಕಲ್ಲಿನ ಕಾಲವಲ್ಲ; ಚಕ್ರವು ಬದಲಾಗಿರಬಹುದು. ಹಾಗೆ ಬದಲಾದ ಚಕ್ರವು ದುರಸ್ತಿಗೆ ಸಾಕ್ಷಿ. ದುಡಿಯುವವನ ವಾಹನಕ್ಕೆ ದುರಸ್ತಿಯೂ ಇತಿಹಾಸವೇ.

ಈ ಮೂರು ಆಧಾರಗಳೂ ಒಂದೇ ಕಾಲವನ್ನು ಹೇಳಿದರೆ ವರ್ಷವನ್ನು ಬರೆಯೋಣ. ಇಲ್ಲವಾದರೆ ದಶಕವನ್ನು ಮಾತ್ರ ಹೇಳಿ ನಿಲ್ಲುವುದು ಯುಕ್ತ.